ಕಿವಿಯ ಪಾಲಿನ ಪುಟ್ಟ ಪೆಟ್ಟಿಗೆ

ಹೆಡ್‌ಫೋನ್ ಆಂಪ್ಲಿಫೈಯರನ್ನು ಮೊದಲ ಸಲ ನೋಡಿದವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ. ಹೆಡ್‌ಫೋನನ್ನು ನೇರವಾಗಿ ಫೋನಿಗೋ ಲ್ಯಾಪ್‌ಟಾಪಿಗೋ ಚುಚ್ಚಿದರೆ ಹಾಡು ಕೇಳಿಸುತ್ತದಲ್ಲ, ನಡುವೆ ಇದೇಕೆ? ಊಟದ ಡಬ್ಬಿಯಷ್ಟು ಗಾತ್ರ, ಮುಂದೆ ಒಂದು ತಿರುಗಣೆ, ಹಿಂದೆ ಎರಡು ವೈರು. ಬೆಲೆ ಕೆಲವು ಸಾವಿರದಿಂದ ಲಕ್ಷ ದಾಟುವವರೆಗೂ ಇದೆ. ಪೆಟ್ಟಿಗೆಯ ಮೇಲಿನ ಹೆಸರು ನಮ್ಮ ಮನೆಗಳಲ್ಲಿ ಯಾರೂ ಕೇಳಿರದಂಥದ್ದು. ಸೋನಿ, ಫಿಲಿಪ್ಸ್ ಎಂದಿದ್ದರೆ ಕಣ್ಣು ಮುಚ್ಚಿ ಕೊಳ್ಳಬಹುದಿತ್ತು. ಯಾವುದೋ ಊರಿನ ಗ್ಯಾರೇಜಿನಲ್ಲಿ ನಾಲ್ಕಾರು ಜನ ಸೇರಿ ಮಾಡಿದ್ದನ್ನು ನಂಬುವುದು ಹೇಗೆ?

ಮುಂಬೈಯ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ, ಚೆನ್ನೈಯ ಬಾಡಿಗೆ ಮನೆಯಲ್ಲಿ, ದೆಹಲಿಯ ಬರಸಾತಿಯಲ್ಲಿ ರಾತ್ರಿ ಹತ್ತರ ಮೇಲೆ ಮನ್ಸೂರರನ್ನೋ ಭೀಮಸೇನ ಜೋಶಿಯವರನ್ನೋ ಕೇಳಬೇಕೆಂದರೆ ಸ್ಪೀಕರ್ ಹಾಕುವಂತಿಲ್ಲ. ಮಗು ಮಲಗಿರುತ್ತದೆ, ಪಕ್ಕದ ಮನೆಯವರು ಗೋಡೆ ತಟ್ಟುತ್ತಾರೆ. ನಮ್ಮಲ್ಲಿ ಬಹಳ ಮಂದಿಗೆ ಹೆಡ್‌ಫೋನೇ ಸಂಗೀತದ ಕೋಣೆ. ಆ ಕೋಣೆಗೆ ಎಷ್ಟು ದುಡ್ಡು ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬುದನ್ನು ಅಂಗಡಿಯವನಿಗಿಂತ ಚೆನ್ನಾಗಿ ಈ ಪೆಟ್ಟಿಗೆಯ ಚರಿತ್ರೆ ತಿಳಿಸುತ್ತದೆ.

ಅಡುಗೆಮನೆಯಿಂದ ಶುರು

ಸಣ್ಣ ತಯಾರಕರ ಕಥೆ ಹೆಡ್‌ಫೋನಿನಷ್ಟೇ ಹಳೆಯದು. ಅಮೆರಿಕದ ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್‌ವಿನ್ 1910ರಲ್ಲಿ ತಾನು ತಯಾರಿಸಿದ ಕಿವಿಫೋನುಗಳನ್ನು ಅಲ್ಲಿನ ನೌಕಾಪಡೆಗೆ ಕಳುಹಿಸಿದ. ಪರೀಕ್ಷಿಸಿ ನೋಡಿದ ನೌಕಾಪಡೆ ಇನ್ನಷ್ಟು ಬೇಕೆಂದಿತು. ಬಾಲ್ಡ್‌ವಿನ್ ಒಂದು ಸಲಕ್ಕೆ ಹತ್ತು ಮಾತ್ರ ಕೊಡಬಲ್ಲವನಾಗಿದ್ದ, ಏಕೆಂದರೆ ಅವುಗಳನ್ನು ಮಾಡುತ್ತಿದ್ದದ್ದು ಮನೆಯ ಅಡುಗೆಮನೆಯಲ್ಲಿ. ಆಗ ಹೆಡ್‌ಫೋನಿಗೆ ಆಂಪ್ಲಿಫೈಯರ್ ಇರಲಿಲ್ಲ. ಏರಿಯಲ್ಲಿನಿಂದ ಬಂದ ಅತಿ ಸಣ್ಣ ವಿದ್ಯುತ್ತನ್ನೇ ಕಿವಿಗೆ ಕೇಳುವಂತೆ ಮಾಡುವುದು ಹೆಡ್‌ಫೋನಿನ ಕೆಲಸ. ವರ್ಧನೆಯ ಸಾಧನ ಇಲ್ಲದ ಕಾಲದಲ್ಲಿ ಅದಕ್ಕೆ ಬದಲಾಗಿ ಬಂದದ್ದೇ ಹೆಡ್‌ಫೋನು.

1937ರಲ್ಲಿ ಜರ್ಮನಿಯ ಬೇಯರ್ ಕಂಪನಿ ಡಿಟಿ 48 ಎಂಬ ಡೈನಾಮಿಕ್ ಹೆಡ್‌ಫೋನ್ ತಂದಿತು. ಸಂಗೀತಕ್ಕೆಂದೇ ಹೆಡ್‌ಫೋನು ಮನೆಗೆ ಬಂದದ್ದು 1958ರಲ್ಲಿ, ಮಿಲ್ವಾಕಿಯ ಜಾನ್ ಕಾಸ್ ತನ್ನ ಎಸ್‌ಪಿ/3 ಸ್ಟೀರಿಯೊ ಹೆಡ್‌ಫೋನನ್ನು ಹೊರತಂದಾಗ. ಜನರಿಗೆ ಅದು ಹಿಡಿಸಿತು, ಆದರೆ ಚುಚ್ಚಲು ತೂತು ಬೇಕಲ್ಲ? ಆಗಿನ ಆಂಪ್ಲಿಫೈಯರುಗಳು ಸ್ಪೀಕರಿಗಾಗಿ ಮಾಡಿದಂಥವು. ತಯಾರಕರು ಸುಲಭದ ದಾರಿ ಹಿಡಿದರು: ಸ್ಪೀಕರಿಗೆ ಹೋಗುವ ತಂತಿಯಿಂದಲೇ ಒಂದು ಕವಲು ತೆಗೆದು, ನಡುವೆ ನೂರಾರು ಓಮ್‌ನ ರೆಸಿಸ್ಟರ್ ಕೂರಿಸಿ, ಮುಂಭಾಗದಲ್ಲಿ ತೂತು ಕೊರೆದರು. ಖರ್ಚು ಕೆಲವು ಕಾಸು. ಆ ಪುಟ್ಟ ರೆಸಿಸ್ಟರ್ ಮುಂದೆ ಐವತ್ತು ವರ್ಷ ಜಗಳಕ್ಕೆ ಕಾರಣವಾಯಿತು. ಅದಕ್ಕೆ ಆಮೇಲೆ ಬರೋಣ.

1968ರಲ್ಲಿ ಸೆನ್‌ಹೈಸರ್ ಕಂಪನಿಯ ಎಚ್‌ಡಿ 414 ಬಂತು. ಕಿವಿಯ ಹಿಂಬದಿ ತೆರೆದೇ ಇರುವ ಮೊದಲ ಹೆಡ್‌ಫೋನ್ ಅದು. ಮುಂದೆ ಹಳದಿ ಸ್ಪಂಜಿನಿಂದಲೇ ಜನ ಗುರುತಿಸುವಂತಾದ ಆ ಹೆಡ್‌ಫೋನಿನ ಇಂಪೀಡೆನ್ಸ್ 2000 ಓಮ್. ಅಷ್ಟು ಹೆಚ್ಚಿನ ರೋಧವಿದ್ದರೆ ಎದುರಿನ ಯಂತ್ರದಲ್ಲಿ ರೆಸಿಸ್ಟರ್ ಇದ್ದರೂ ವ್ಯತ್ಯಾಸವಾಗದು, ಯಾವುದಕ್ಕೆ ಚುಚ್ಚಿದರೂ ಹಾಡುತ್ತದೆ.

ಇದನ್ನು ಮುರಿದದ್ದು 1979ರ ಜುಲೈ 1ರಂದು ಜಪಾನಿನ ಮಾರುಕಟ್ಟೆಗೆ ಬಂದ ಸೋನಿ ವಾಕ್‌ಮನ್. ಎರಡು ಪೆನ್ಸಿಲ್ ಸೆಲ್ಲು, ಅಂದರೆ 3 ವೋಲ್ಟ್. ಅದರಿಂದ ಹೆಚ್ಚೆಂದರೆ ಒಂದು ವೋಲ್ಟಿನಷ್ಟು ಸಂಕೇತ ಹೊರಡಿಸಬಹುದು. ಇಷ್ಟರಲ್ಲೇ ಜೋರಾಗಿ ಕೇಳಿಸಬೇಕಾದರೆ ಹೆಡ್‌ಫೋನಿನ ರೋಧ ಕಡಿಮೆಯಿರಬೇಕು. ಹೀಗೆ ಹೆಡ್‌ಫೋನುಗಳಲ್ಲಿ ಎರಡು ಕುಲಗಳಾದವು. ಜೇಬಿನ ಯಂತ್ರಕ್ಕೆ 16, 32 ಓಮ್‌ನವು, ಸ್ಟುಡಿಯೋಗೂ ಮನೆಗೂ 250, 300, 600 ಓಮ್‌ನವು. ಎರಡನೆಯ ಕುಲದ್ದನ್ನು ಮೊದಲನೆಯ ಕುಲದ ಯಂತ್ರಕ್ಕೆ ಚುಚ್ಚಿದಾಗ ಹಾಡು ಸೊರಗಿತು. ಪ್ರತ್ಯೇಕ ಪೆಟ್ಟಿಗೆಗೆ ಜಾಗ ಹುಟ್ಟಿದ್ದು ಆ ಸಂದಿಯಲ್ಲಿ.

ದೋಣಿಯಲ್ಲಿ ಬಂದ ಯೋಚನೆ

ಪೆಟ್ಟಿಗೆಯ ಒಳಗಿರುವುದರ ಚರಿತ್ರೆ ಬೇರೆ. 'ಸಾಲಿಡ್ ಸ್ಟೇಟ್' ಎಂದರೆ ಗಾಜಿನ ಬುರುಡೆಯ ವಾಲ್ವ್ ಇಲ್ಲದೆ, ಘನವಸ್ತುವಿನ ಒಳಗೇ ವಿದ್ಯುತ್ತನ್ನು ಹತೋಟಿಯಲ್ಲಿಡುವುದು. ಅಂದರೆ ಟ್ರಾನ್ಸಿಸ್ಟರ್. ಅದು ಹುಟ್ಟಿದ್ದು 1947ರ ಡಿಸೆಂಬರಿನಲ್ಲಿ, ಬೆಲ್ ಪ್ರಯೋಗಾಲಯದಲ್ಲಿ. ಬಾರ್ಡೀನ್, ಬ್ರಾಟೈನ್, ಶಾಕ್ಲಿ ಈ ಮೂವರಿಗೆ 1956ರಲ್ಲಿ ನೊಬೆಲ್ ಬಂತು. ಆದರೆ ಇಂದಿನ ಆಂಪ್ಲಿಫೈಯರ್ ಇಷ್ಟು ಶುದ್ಧವಾಗಿ ಹಾಡುವುದಕ್ಕೆ ಕಾರಣವಾದ ಯೋಚನೆ ಟ್ರಾನ್ಸಿಸ್ಟರಿಗಿಂತ ಇಪ್ಪತ್ತು ವರ್ಷ ಹಳೆಯದು.

1927ರ ಆಗಸ್ಟ್ 2ರ ಬೆಳಿಗ್ಗೆ ಹೆರಾಲ್ಡ್ ಬ್ಲ್ಯಾಕ್ ಎಂಬ ತರುಣ ಎಂಜಿನಿಯರ್ ಹಡ್ಸನ್ ನದಿ ದಾಟುವ ದೋಣಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ದೂರದೂರಿನ ಟೆಲಿಫೋನ್ ಕರೆಗಳು ಸಾಲುಸಾಲು ಆಂಪ್ಲಿಫೈಯರುಗಳನ್ನು ದಾಟುವಾಗ ಕೆಡುತ್ತಿದ್ದವು. ಆ ಕೆಡುಕನ್ನು ತೆಗೆಯುವುದು ಅವನ ಕೆಲಸ. ದೋಣಿಯಲ್ಲಿ ಹೊಳೆದದ್ದನ್ನು ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಾಳೆಯ ಮೇಲೆಯೇ ಗೀಚಿದ. ಆಂಪ್ಲಿಫೈಯರಿನಿಂದ ಹೊರಬಂದದ್ದರಲ್ಲಿ ಒಂದು ಪಾಲನ್ನು ತಿರುಗಿಸಿ ಒಳಗೆ ಕಳುಹಿಸುವುದು, ಒಳಬಂದದ್ದರಿಂದ ಅದನ್ನು ಕಳೆಯುವುದು. ಆಗ ವರ್ಧನೆ ಕಡಿಮೆಯಾಗುತ್ತದೆ, ಆದರೆ ಅದೇ ಪ್ರಮಾಣದಲ್ಲಿ ತಪ್ಪೂ ಕಡಿಮೆಯಾಗುತ್ತದೆ. ಇದೇ ನೆಗೆಟಿವ್ ಫೀಡ್‌ಬ್ಯಾಕ್. ಕಷ್ಟಪಟ್ಟು ಗಳಿಸಿದ ವರ್ಧನೆಯನ್ನು ಬೇಕೆಂದೇ ಚೆಲ್ಲುವ ಈ ಉಪಾಯವನ್ನು ಜನ ಸುಲಭಕ್ಕೆ ಒಪ್ಪಲಿಲ್ಲ. ಬ್ರಿಟನ್ನಿನ ಪೇಟೆಂಟ್ ಕಚೇರಿ ಇದನ್ನು ನಿಲ್ಲದೆ ತಿರುಗುವ ಯಂತ್ರದ ಅರ್ಜಿಯಂತೆ ಕಂಡಿತು ಎಂದು ಬ್ಲ್ಯಾಕ್ ಆಮೇಲೆ ನೆನಪಿಸಿಕೊಂಡಿದ್ದಾನೆ. ಅಮೆರಿಕದ ಪೇಟೆಂಟ್ ಕೂಡ ಅವನಿಗೆ ಸಿಕ್ಕಿದ್ದು 1937ರ ಡಿಸೆಂಬರಿನಲ್ಲಿ.

ಟ್ರಾನ್ಸಿಸ್ಟರ್ ಅಗ್ಗವಾದ ಮೇಲೆ ಈ ಯೋಚನೆಗೆ ರೆಕ್ಕೆ ಬಂತು. 1965ರಲ್ಲಿ ಬಾಬ್ ವಿಡ್ಲಾರ್ ರೂಪಿಸಿದ 709, 1968ರಲ್ಲಿ 741, 1970ರ ದಶಕದ ಕೊನೆಗೆ 5532. ಹತ್ತಾರು ಟ್ರಾನ್ಸಿಸ್ಟರುಗಳು ಉಗುರಿನಷ್ಟು ಚಿಪ್ಪಿನೊಳಗೆ ಕೂತವು. ಇವೇ ಆಪ್-ಆಂಪ್‌ಗಳು. ರೆಕಾರ್ಡಿಂಗ್ ಸ್ಟುಡಿಯೋಗಳ ಮಿಕ್ಸರುಗಳಲ್ಲಿ 5532 ಎಷ್ಟು ಬಳಕೆಯಾಯಿತೆಂದರೆ, ನಾವು ಕೇಳುವ ಎಷ್ಟೋ ಹಾಡುಗಳು ನಮ್ಮನ್ನು ಮುಟ್ಟುವ ಮೊದಲೇ ಅಂಥ ಹಲವಾರು ಚಿಪ್ಪುಗಳನ್ನು ದಾಟಿ ಬಂದಿರುತ್ತವೆ. ಆಪ್-ಆಂಪ್ ಇರುವ ಪೆಟ್ಟಿಗೆ ಕೀಳು, ಬಿಡಿ ಟ್ರಾನ್ಸಿಸ್ಟರುಗಳದ್ದು ಮೇಲು ಎಂಬ ಮಾತು ಕಿವಿಗೆ ಬಿದ್ದಾಗ ಇದನ್ನು ನೆನಪಿಡಬೇಕು.

ಈ ಕಥೆಯಲ್ಲಿ ನಮ್ಮೂರಿಗೂ ಪಾಲಿದೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವ್‌ಗಳನ್ನೂ, ಮರುವರ್ಷವೇ ಜರ್ಮೇನಿಯಂ ಸೆಮಿಕಂಡಕ್ಟರುಗಳನ್ನೂ ತಯಾರಿಸತೊಡಗಿತು. 'ಬಿಇಎಲ್' ಎಂದು ಅಚ್ಚಾದ ಟ್ರಾನ್ಸಿಸ್ಟರು ಹಿಡಿದು ಬೆಸುಗೆ ಕಲಿತವರು ಈ ಪತ್ರದ ಓದುಗರಲ್ಲೂ ಇದ್ದಾರು. ಬೆಂಗಳೂರಿನ ಎಸ್.ಪಿ. ರೋಡ್, ಮುಂಬೈಯ ಲ್ಯಾಮಿಂಗ್ಟನ್ ರೋಡ್, ಚೆನ್ನೈಯ ರಿಚೀ ಸ್ಟ್ರೀಟ್, ಪುಣೆಯ ಬುಧವಾರ ಪೇಠ್, ಹೈದರಾಬಾದಿನ ಕೋಠಿ, ದೆಹಲಿಯ ಲಾಜಪತ್ ರಾಯ್ ಮಾರ್ಕೆಟ್: ಪ್ರತಿ ಊರಿನಲ್ಲೂ ಒಂದೊಂದು ಬೀದಿ ಇತ್ತು, ಈಗಲೂ ಇದೆ. ಟಿಬಿಎ 810 ಹಾಕಿದ ಪುಟ್ಟ ಬೋರ್ಡು, ಆಮೇಲೆ 4440 ಹಾಕಿದ 'ಅಸೆಂಬಲ್ಡ್ ಸೆಟ್'. ಹೆಸರಿಲ್ಲದ ತಯಾರಕನಿಂದ ಆಂಪ್ಲಿಫೈಯರ್ ಕೊಳ್ಳುವುದು ನಮಗೆ ಹೊಸದಲ್ಲ. ಅಲ್ಲಿ ನಂಬಿಕೆ ಹುಟ್ಟುತ್ತಿದ್ದದ್ದು ಒಂದೇ ಕಾರಣಕ್ಕೆ. ಕೆಟ್ಟರೆ ಮಾಡಿದವನ ಅಂಗಡಿಗೇ ಹೊತ್ತುಕೊಂಡು ಹೋಗಬಹುದಿತ್ತು.

ಪೆಪ್ಪರ್‌ಮಿಂಟ್ ಡಬ್ಬಿ

ಹೆಡ್‌ಫೋನಿಗೆಂದೇ ಆಂಪ್ಲಿಫೈಯರ್ ಮಾರುವ ಧೈರ್ಯ ಮೊದಮೊದಲು ಮಾಡಿದವರಲ್ಲಿ ಟೈಲ್ ಹರ್ಟ್ಸೆನ್ಸ್ ಒಬ್ಬ. 1992ರಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಬೋಜ್‌ಮನ್ ಎಂಬ ಊರಿನಲ್ಲಿ ಹೆಡ್‌ರೂಮ್ ಎಂಬ ಕಂಪನಿ ತೆರೆದ. ಅವನ ಪೆಟ್ಟಿಗೆಯಲ್ಲಿ ಒಂದು ವಿಶೇಷವಿತ್ತು. ಸ್ಪೀಕರಿನಲ್ಲಿ ಕೇಳುವಾಗ ಎಡಗಡೆಯ ಸದ್ದು ಬಲಗಿವಿಗೂ ತುಸು ತಡವಾಗಿ, ತುಸು ಮಂಕಾಗಿ ತಲುಪುತ್ತದೆ, ಹೆಡ್‌ಫೋನಿನಲ್ಲಿ ಹಾಗಾಗುವುದಿಲ್ಲ. ತಬಲಾ ಪೂರ್ತಿ ಒಂದು ಕಿವಿಯಲ್ಲಿ, ಹಾರ್ಮೋನಿಯಂ ಇನ್ನೊಂದರಲ್ಲಿ ಇರುವ ಹಳೆಯ ಸ್ಟೀರಿಯೊ ರೆಕಾರ್ಡ್ ಕೇಳಿದವರಿಗೆ ಈ ಕಿರಿಕಿರಿ ಗೊತ್ತು. ಎರಡು ಕಡೆಯದನ್ನೂ ಅಳತೆಯಾಗಿ ಬೆರೆಸುವ 'ಕ್ರಾಸ್‌ಫೀಡ್' ಅದಕ್ಕೆ ಅವನ ಪರಿಹಾರ. ಜರ್ಮನಿಯ ಯಾನ್ ಮೈಯರ್ ಕೂಡ ಇದನ್ನೇ ತನ್ನ ರೀತಿಯಲ್ಲಿ ಬೆಳೆಸಿ ಕೋರ್ಡಾ ಎಂಬ ಹೆಸರಿನ ಪೆಟ್ಟಿಗೆಗಳನ್ನು ಮಾಡಿದ.

1998ರಲ್ಲಿ ಚೂ ಮೋಯ್ ಎಂಬಾತ ಒಂದು ಸಣ್ಣ ಸರ್ಕ್ಯೂಟನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ. 9 ವೋಲ್ಟಿನ ಒಂದು ಬ್ಯಾಟರಿ, ಆಪ್-ಆಂಪ್, ಕೆಲವು ರೆಸಿಸ್ಟರುಗಳು. ಇಡೀ ಆಂಪ್ಲಿಫೈಯರ್ ಆಲ್ಟಾಯ್ಡ್ಸ್ ಎಂಬ ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯೊಳಗೆ ಕೂರುತ್ತಿತ್ತು. 'ಸಿಮೋಯ್' ಎಂದೇ ಹೆಸರಾದ ಇದನ್ನು ಜಗತ್ತಿನ ಎಷ್ಟೋ ಹುಡುಗರು ಬೆಸೆದರು. ಆ ಸರ್ಕ್ಯೂಟಿಗೆ ಮಿತಿಗಳಿದ್ದವು. ಆ ಚಿಪ್ಪು ಕಡಿಮೆ ರೋಧದ ಹೆಡ್‌ಫೋನಿಗೆ ಬೇಕಾದಷ್ಟು ಕರೆಂಟ್ ಕೊಡಲಾರದು, ಒಂದೇ ಬ್ಯಾಟರಿಯನ್ನು ಎರಡು ರೆಸಿಸ್ಟರಿನಿಂದ ಒಡೆದು ಮಾಡಿಕೊಂಡ 'ನಡುಬಿಂದು' ಜೋರು ಸದ್ದಿಗೆ ಅಲುಗಾಡುತ್ತದೆ. ಆದರೂ ಅದು ಒಂದು ಪೀಳಿಗೆಗೆ ಪಾಠಶಾಲೆಯಾಯಿತು. ಅಮೆರಿಕದ ಇಲಿನಾಯ್ ರಾಜ್ಯದ ಜೆಡಿಎಸ್ ಲ್ಯಾಬ್ಸ್ 2007ರಲ್ಲಿ ಶುರುವಾದದ್ದೇ ಇಂಥ ಡಬ್ಬಿಗಳನ್ನು ಮಾಡಿ ಮಾರುವುದರಿಂದ.

2010ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜೇಸನ್ ಸ್ಟಾಡರ್ಡ್ ಮತ್ತು ಮೈಕ್ ಮೊಫಾಟ್ ಎಂಬಿಬ್ಬರು ಹಳೆಯ ಹುಲಿಗಳು 'ಶಿಟ್ ಆಡಿಯೋ' ಎಂಬ ಪೋಲಿ ಹೆಸರಿನ ಕಂಪನಿಯನ್ನು ಗ್ಯಾರೇಜಿನಲ್ಲಿ ಶುರು ಮಾಡಿದರು. ಅವರ ಮೊದಲ ಪೆಟ್ಟಿಗೆ ಆಸ್ಗಾರ್ಡ್, ಬಿಡಿ ಟ್ರಾನ್ಸಿಸ್ಟರುಗಳದ್ದು, ಬೆಲೆ 249 ಡಾಲರ್. ಅಂಗಡಿಗಳ ಕಮಿಷನ್ ಬೇಡವೆಂದು ನೇರವಾಗಿ ಗ್ರಾಹಕರಿಗೇ ಮಾರಿದರು. 2012ರ ಕೊನೆಗೆ ಬಂದ ಮ್ಯಾಗ್ನಿಗೆ 99 ಡಾಲರ್.

ಹೆಸರಿಲ್ಲದ ಎಂಜಿನಿಯರ್

ಈ ಚರಿತ್ರೆಯ ನಡುಮಧ್ಯದಲ್ಲಿ ಇರುವಾತನ ನಿಜವಾದ ಹೆಸರು ಲೋಕಕ್ಕೆ ತಿಳಿಯಲೇ ಇಲ್ಲ. 2011ರಲ್ಲಿ 'ಎನ್‌ಡಬ್ಲ್ಯುಎವಿಗೈ' ಎಂಬ ಗುಪ್ತನಾಮದಲ್ಲಿ ಒಬ್ಬ ಎಂಜಿನಿಯರ್ ಬರೆಯತೊಡಗಿದ. ಅವನ ವಾದ ಸರಳ. ಆಂಪ್ಲಿಫೈಯರ್ ಕವಿತೆಯಲ್ಲ, ಯಂತ್ರ, ಅದನ್ನು ಅಳೆಯಬಹುದು. ಅಳೆಯುವ ಉಪಕರಣ ದುಬಾರಿ ಎಂದು ಎಷ್ಟೋ ಸಣ್ಣ ತಯಾರಕರು ಬರೀ ಕಿವಿಯನ್ನು ನಂಬಿ ಪೆಟ್ಟಿಗೆ ಮಾರುತ್ತಿದ್ದಾರೆ, ಕಿವಿಯೋ ಬೆಲೆಯ ಚೀಟಿ ನೋಡಿದೊಡನೆ ಮಾತು ಬದಲಿಸುತ್ತದೆ. ಕಣ್ಣು ಕಟ್ಟಿ ಕೇಳಿಸಿದರೆ ಮಾತ್ರ ಅದು ಸತ್ಯ ಹೇಳೀತು. ಹೀಗೆ ವಾದಿಸಿದ್ದಲ್ಲದೆ ಡಿಸ್ಕೋಪ್ ಎಂಬ ಉಪಕರಣದಲ್ಲಿ ಹಲವರ ಪೆಟ್ಟಿಗೆಗಳನ್ನು ಅಳೆದು ಪ್ರಕಟಿಸಿದ. ಸಿಟ್ಟಾದವರು ಬಹಳ. ಸುಮ್ಮನೆ ಟೀಕಿಸುವುದು ಸುಲಭ, ಮಾಡಿ ತೋರಿಸು ಎಂದರು.

ಅದೇ ವರ್ಷ ಅವನು ಮಾಡಿ ತೋರಿಸಿದ. 'ಒ2' ಅಥವಾ 'ಆಬ್ಜೆಕ್ಟಿವ್ 2' ಎಂಬ ಆಂಪ್ಲಿಫೈಯರಿನ ಪೂರ್ತಿ ಸರ್ಕ್ಯೂಟ್, ಬೋರ್ಡಿನ ನಕ್ಷೆ, ಬಿಡಿಭಾಗಗಳ ಪಟ್ಟಿ, ಅಳತೆಗಳು, ಎಲ್ಲವನ್ನೂ ಉಚಿತವಾಗಿ ಇಟ್ಟ. ಬಿಡಿಭಾಗಗಳ ಖರ್ಚು ಸುಮಾರು 30 ಡಾಲರ್. ಒಳಗಿದ್ದದ್ದು ಜೆಆರ್‌ಸಿ ಕಂಪನಿಯ ಅಗ್ಗದ ಆಪ್-ಆಂಪ್‌ಗಳು. ಸಿಮೋಯ್‌ನ ಅಲುಗಾಡುವ ನಡುಬಿಂದುವಿನ ಬದಲು ಎರಡು ಬ್ಯಾಟರಿ, ಒಂಟಿ ಚಿಪ್ಪಿನ ದುರ್ಬಲ ಕರೆಂಟಿನ ಬದಲು ಜೋಡಿಯಾಗಿ ಹೆಗಲು ಕೊಡುವ ಔಟ್‌ಪುಟ್ ಹಂತ. ಅಳತೆಯಲ್ಲಿ ಅದು ಹಲವು ಪಟ್ಟು ಬೆಲೆಯ ಪೆಟ್ಟಿಗೆಗಳಿಗೆ ಸಮನಾಗಿ ನಿಂತಿತು. ಜೆಡಿಎಸ್ ಲ್ಯಾಬ್ಸ್ ಮತ್ತಿತರ ಸಣ್ಣವರು ಅದನ್ನು ಮಾಡಿ ಮಾರತೊಡಗಿದರು. ವಿನ್ಯಾಸಕಾರ ಒಂದು ಕಾಸೂ ಕೇಳಲಿಲ್ಲ. 2012ರ ನಡುವಿನಲ್ಲಿ ಅವನ ಬರಹ ಒಮ್ಮೆಗೇ ನಿಂತುಹೋಯಿತು. ಎಂಜಿನಿಯರುಗಳ ಪತ್ರಿಕೆ ಐಇಇಇ ಸ್ಪೆಕ್ಟ್ರಮ್ 2014ರಲ್ಲಿ ಅವನ ಬಗ್ಗೆ ಲೇಖನವನ್ನೇ ಬರೆಯಿತು.

ಅವನು ಜನರ ತಲೆಗೆ ಹಾಕಿದ ಒಂದು ಮುಖ್ಯ ಪಾಠ ಹಿಂದೆ ಹೇಳಿದ ಆ ಪುಟ್ಟ ರೆಸಿಸ್ಟರಿನದು. ಆಂಪ್ಲಿಫೈಯರಿನ ಔಟ್‌ಪುಟ್ ಇಂಪೀಡೆನ್ಸ್ ಹೆಡ್‌ಫೋನಿನದ್ದರ ಎಂಟನೇ ಒಂದು ಪಾಲಿಗಿಂತ ಕಡಿಮೆಯಿರಬೇಕು. 32 ಓಮ್‌ನ ಹೆಡ್‌ಫೋನಿಗೆ 4 ಓಮ್ ಮೀರಬಾರದು. ಕಾರಣವಿದೆ. ಹೆಡ್‌ಫೋನಿನ ರೋಧ ಎಲ್ಲ ಸ್ವರಕ್ಕೂ ಒಂದೇ ಅಲ್ಲ. 300 ಓಮ್ ಎಂದು ಬರೆದಿರುವುದು ಮಂದ್ರದ ಕಡೆ 550ರ ಹತ್ತಿರ ಏರಬಹುದು. ಅದರ ಮುಂದೆ 120 ಓಮ್‌ನ ರೆಸಿಸ್ಟರ್ ಇದ್ದರೆ ಮಂದ್ರ ಸುಮಾರು 1.2 ಡೆಸಿಬೆಲ್ ಹೆಚ್ಚಾಗಿ ಕೇಳಿಸುತ್ತದೆ. ಕೆಲವರಿಗೆ ಅದು 'ಬೆಚ್ಚಗಿನ' ದನಿ ಅನ್ನಿಸಬಹುದು, ಆದರೆ ಧ್ವನಿಮುದ್ರಿಸಿದವರು ಇಟ್ಟದ್ದಲ್ಲ. ವಿಚಿತ್ರವೆಂದರೆ 1996ರ ಅಂತರರಾಷ್ಟ್ರೀಯ ಮಾನದಂಡವೊಂದು ಈ 120 ಓಮ್ ಅನ್ನೇ ಶಿಫಾರಸು ಮಾಡಿತ್ತು.

ಅಂಕಿಗಳ ಓಟ

ಅಳತೆಯ ವಾದ ಗೆದ್ದಿತು, ಬಹುಶಃ ಬೇಕಾದ್ದಕ್ಕಿಂತ ಹೆಚ್ಚಾಗಿ. 2018ರಲ್ಲಿ ಜೆಡಿಎಸ್ ಲ್ಯಾಬ್ಸ್‌ನ ಆಟಮ್ 99 ಡಾಲರಿಗೆ ಬಂತು. ಅದೇ ವರ್ಷ ಟಿಎಚ್‌ಎಕ್ಸ್ ತಂತ್ರದ 789 ಎಂಬ ಪೆಟ್ಟಿಗೆ ಬಂತು. ತಪ್ಪನ್ನು ಹಿಂದಕ್ಕೆ ತಿರುಗಿಸದೆ ಮುಂದೆಯೇ ಅಳಿಸುವ 'ಫೀಡ್‌ಫಾರ್ವರ್ಡ್' ಅದರ ಉಪಾಯ. ಇದನ್ನೂ ಮೊದಲು ಯೋಚಿಸಿದ್ದು, ದೋಣಿಯ ಪ್ರಯಾಣಕ್ಕೂ ನಾಲ್ಕು ವರ್ಷ ಮೊದಲು, ಅದೇ ಹೆರಾಲ್ಡ್ ಬ್ಲ್ಯಾಕ್. ಬಳಿಕ ಚೀನಾದ ಕಂಪನಿಗಳು ಓಟಕ್ಕಿಳಿದವು. 110 ಡೆಸಿಬೆಲ್, 115, 120.

ಈ ಅಂಕಿಗಳ ಅರ್ಥವೇನು? ಹಾಡಿನ ಜೋರಿಗಿಂತ ಗದ್ದಲ ಮತ್ತು ವಿಕೃತಿ ಎಷ್ಟು ಕೆಳಗಿದೆ ಎಂಬುದು. 110 ಎಂದರೆ ಶೇಕಡಾ 0.0003, 120 ಎಂದರೆ ಶೇಕಡಾ 0.0001. ಈಗ ನಮ್ಮ ಸಂಗೀತ ತೆಗೆದುಕೊಳ್ಳಿ. ಆಕಾಶವಾಣಿಯ ಹಳೆಯ ಟೇಪಿನಿಂದ ಬಂದ ಗಂಗೂಬಾಯಿಯವರ ಹಾಡಿನಲ್ಲಿ ಟೇಪಿನದೇ ಗದ್ದಲ ಹಾಡಿಗಿಂತ ಸುಮಾರು 60 ಡೆಸಿಬೆಲ್ ಮಾತ್ರ ಕೆಳಗಿರುತ್ತದೆ. ಫ್ಯಾನಿನ ಸದ್ದು, ಕೆಳಗೆ ಹೋಗುವ ರಿಕ್ಷಾ ಬೇರೆ. ಅಲ್ಲಿ 110ಕ್ಕೂ 120ಕ್ಕೂ ನಡುವಿನ ಅಂತರ ಯಾವ ಕಿವಿಗೂ ಸಿಗುವಂಥದ್ದಲ್ಲ.

2019ರ ಕೊನೆಯಲ್ಲಿ ಶಿಟ್ ಕಂಪನಿ ಇದನ್ನೇ ತಮಾಷೆಯಾಗಿ ತೋರಿಸಿತು. ಒಂದೇ ಗಾತ್ರದ ಡಬ್ಬಿ, ಒಂದೇ 99 ಡಾಲರ್ ಬೆಲೆ, ಒಳಗೆ ಮಾತ್ರ ಎರಡು ಬಗೆ: ಬಿಡಿ ಟ್ರಾನ್ಸಿಸ್ಟರುಗಳ ಮ್ಯಾಗ್ನಿ 3+, ಆಪ್-ಆಂಪ್‌ಗಳ ಮ್ಯಾಗ್ನಿ ಹೆರಿಸಿ. ಹೆರಿಸಿ ಎಂದರೆ ಪಾಷಂಡ. ಅಳತೆಯಲ್ಲಿ ಮುಂದಿದ್ದದ್ದು ಪಾಷಂಡವೇ. ನಿಮ್ಮ ನಂಬಿಕೆ ಯಾವುದೋ ಅದನ್ನು ಕೊಳ್ಳಿ, ದುಡ್ಡು ಅಷ್ಟೇ ಎಂಬಂತೆ.

ಹಾಗಾದರೆ ಕೊಳ್ಳುವುದು ಹೇಗೆ?

ಮೊದಲು ಹೆಡ್‌ಫೋನಿನ ಲೆಕ್ಕ. ಸೆನ್‌ಹೈಸರ್ ಎಚ್‌ಡಿ 650ಕ್ಕೆ 300 ಓಮ್, ಒಂದು ವೋಲ್ಟಿಗೆ 103 ಡೆಸಿಬೆಲ್. ಸಂಗೀತದ ಅತಿ ಜೋರಿನ ಕ್ಷಣಕ್ಕೆ 110 ಬೇಕೆಂದರೂ ಸಾಕಾಗುವುದು 2.2 ವೋಲ್ಟ್, ಸುಮಾರು 17 ಮಿಲಿವ್ಯಾಟ್. ಇನ್ನೊಂದು ತುದಿಯಲ್ಲಿ 2010ರ ಹೈಫೈಮನ್ ಎಚ್‌ಇ-6: 50 ಓಮ್, ಒಂದು ಮಿಲಿವ್ಯಾಟಿಗೆ 83.5 ಡೆಸಿಬೆಲ್. ಅದೇ 110ಕ್ಕೆ 4.7 ವೋಲ್ಟ್, ಸುಮಾರು 450 ಮಿಲಿವ್ಯಾಟ್ ಬೇಕು. ನಿಮ್ಮ ಹೆಡ್‌ಫೋನ್ ಎಲ್ಲಿದೆ ಎಂದು ತಿಳಿಯದೆ 'ಎರಡು ವ್ಯಾಟ್' ಎಂಬ ಜಾಹೀರಾತಿಗೆ ದುಡ್ಡು ಕೊಡಬೇಡಿ. ಕಡಿಮೆ ರೋಧದ ಸೂಕ್ಷ್ಮ ಹೆಡ್‌ಫೋನಾದರೆ ಫೋನಿನ ಸಣ್ಣ ಅಡಾಪ್ಟರೇ ಸಾಕಾಗಬಹುದು. ಉಳಿದ ದುಡ್ಡಿಗೆ ಇನ್ನೂ ಒಳ್ಳೆಯ ಹೆಡ್‌ಫೋನೇ ಬರುತ್ತದೆ, ಕಿವಿಗೆ ತಿಳಿಯುವ ವ್ಯತ್ಯಾಸ ಹೆಚ್ಚು ಅಲ್ಲೇ.

ಎರಡನೆಯದು ಔಟ್‌ಪುಟ್ ಇಂಪೀಡೆನ್ಸ್. ತಯಾರಕ ಅದನ್ನು ಬರೆದಿಲ್ಲವಾದರೆ ಕೇಳಿ, ಉತ್ತರ ಬಾರದಿದ್ದರೆ ಬಿಡಿ. ಮೂರನೆಯದು ಗೇನ್ ಬದಲಿಸುವ ಸ್ವಿಚ್. ಗೇನ್ ಹೆಚ್ಚಿದ್ದರೆ ತಿರುಗಣೆಯನ್ನು ತುಸು ತಿರುಗಿಸಿದೊಡನೆ ಕಿವಿ ತುಂಬುತ್ತದೆ. ತಿರುಗಣೆಯ ಆರಂಭದ ಭಾಗದಲ್ಲಿ ಎಡ ಬಲ ಸಮ ಇರುವುದಿಲ್ಲ, ರಾತ್ರಿ ಮೆಲ್ಲಗೆ ಕೇಳುವವರಿಗೆ ತಂಬೂರಿ ಒಂದೇ ಕಡೆ ವಾಲುತ್ತದೆ. ನಾಲ್ಕನೆಯದು, ಆನ್ ಆಫ್ ಮಾಡುವಾಗ ಹೆಡ್‌ಫೋನನ್ನು ಬೇರ್ಪಡಿಸುವ ರಿಲೇ. ಅದಿಲ್ಲದಿದ್ದರೆ 'ಧಡ್' ಎನ್ನುವ ಹೊಡೆತ ದುಬಾರಿ ಹೆಡ್‌ಫೋನಿಗೆ ಬೀಳಬಹುದು.

ಐದನೆಯದು ನಮಗೇ ವಿಶೇಷ. ಅಮೆರಿಕದಿಂದ ಬರುವ ಭಾವನ ಸೂಟ್‌ಕೇಸಿನಲ್ಲಿ ತರಿಸುವ ಪೆಟ್ಟಿಗೆಯ ಅಡಾಪ್ಟರ್ ಅಲ್ಲಿನ 115 ವೋಲ್ಟಿನದು. ಈ ಆಂಪ್ಲಿಫೈಯರುಗಳಲ್ಲಿ ಹಲವು ಬಳಸುವುದು ಮೊಬೈಲ್ ಚಾರ್ಜರಿನಂಥದ್ದನ್ನಲ್ಲ, ತಂತಿ ಸುತ್ತಿದ ಟ್ರಾನ್ಸ್‌ಫಾರ್ಮರನ್ನು. ಅದನ್ನು ನಮ್ಮ 230 ವೋಲ್ಟಿಗೆ ಚುಚ್ಚಿದರೆ ಹೊಗೆಯೇ ಗತಿ. ತರಿಸುವ ಮೊದಲೇ 230 ವೋಲ್ಟಿನದನ್ನು ಕೇಳಿ ಪಡೆಯಿರಿ.

ಕೊನೆಯದು ತಯಾರಕ. ದೊಡ್ಡ ಕಂಪನಿ ಕೊಡುವುದು ವಾರಂಟಿ ಚೀಟಿ, ಐದು ವರ್ಷದ ಮೇಲೆ ಬಿಡಿಭಾಗ ಕೇಳಿದರೆ ಹೊಸ ಮಾಡೆಲ್ ತೋರಿಸುತ್ತದೆ. ಒಳ್ಳೆಯ ಸಣ್ಣ ತಯಾರಕ ಅಳತೆಗಳನ್ನು ತಾನೇ ಪ್ರಕಟಿಸುತ್ತಾನೆ, ಪತ್ರಕ್ಕೆ ಸ್ವತಃ ಉತ್ತರ ಬರೆಯುತ್ತಾನೆ, ಒಳಗಿನ ಭಾಗಗಳ ನಂಬರನ್ನು ಉಜ್ಜಿ ಅಳಿಸಿರುವುದಿಲ್ಲ. ಕೊಳ್ಳುವ ಮೊದಲು ಒಂದು ತಾಂತ್ರಿಕ ಪ್ರಶ್ನೆ ಬರೆದು ಕಳುಹಿಸಿ ನೋಡಿ. ಬರುವ ಉತ್ತರದಲ್ಲಿ ವೋಲ್ಟ್, ಓಮ್ ಇದೆಯೇ, ಬರೀ ರೇಷ್ಮೆ, ಜೇನು ಇದೆಯೇ ಎಂಬುದು ಸಾಕಷ್ಟು ಹೇಳುತ್ತದೆ.

ಒ2ರ ನಕ್ಷೆ ಈಗಲೂ ಮುಕ್ತವಾಗಿದೆ. ಅದನ್ನು ಮಾಡಬಹುದು, ಮಾರಬಹುದು, ಆದರೆ ಬದಲಿಸಿ ಹಂಚುವಂತಿಲ್ಲ, ವಿನ್ಯಾಸಕಾರ ಹಾಕಿದ ಷರತ್ತು ಹಾಗಿದೆ. ಷರತ್ತು ಸಡಿಲಿಸಬಲ್ಲ ಒಬ್ಬನೇ ಮನುಷ್ಯ ಮಾತು ನಿಲ್ಲಿಸಿದ್ದಾನೆ. ಹಾಗಾಗಿ ಹದಿನಾಲ್ಕು ವರ್ಷಗಳಿಂದ ಅದು ಇದ್ದಂತೆಯೇ ಇದೆ. ಅದಕ್ಕೆ ಬೇಕಾದ ಪುಟ್ಟ ಟ್ರಾನ್ಸ್‌ಫಾರ್ಮರ್, ರೆಸಿಸ್ಟರ್, ಕೆಪ್ಯಾಸಿಟರ್ ಲ್ಯಾಮಿಂಗ್ಟನ್ ರೋಡಿನಲ್ಲೂ ರಿಚೀ ಸ್ಟ್ರೀಟಿನಲ್ಲೂ ಸಿಗುತ್ತವೆ. ಬೆಸುಗೆ ಹಿಡಿಯಲು ಬರುವವರು ಬೋರ್ಡೊಂದನ್ನು ತರಿಸಿಕೊಂಡರೆ, ಆ ಸಣ್ಣ ತಯಾರಕ ನೀವೇ ಆಗಬಹುದು. ಕೆಟ್ಟರೆ ಯಾರ ಅಂಗಡಿಗೂ ಹೊತ್ತುಕೊಂಡು ಹೋಗಬೇಕಿಲ್ಲ.